ಜಡೆ ಅಲಂಕಾರ: ಕೊಡಗಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕೂತು ಜಡೆಬಿಲ್ಲೆ, ಕ್ಲಿಪ್, ಕುಚ್ಚು ಮಾಡುತ್ತೇನೆ. ಕಲಿಯಬೇಕು ಅಂತ ಬಂದವರಿಗೆ ಕಲಿಸುತ್ತೇನೆ. ಶುಕ್ರವಾರದ ಸಂತೆಯಲ್ಲಿ, ಮದುವೆ ಮನೆಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಕಮ್ಮಿ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ನಂಬಿಕೆ ಒಂದೇ. ಜಡೆಗೆ ಹಾಕುವ ಒಡವೆ ಮೊದಲು ತಲೆಗೆ ಹಿತವಾಗಿರಬೇಕು, ಕಣ್ಣಿಗೆ ಚಂದ ಆಮೇಲೆ.

## ಶುರು ಮಾಡುವವರಿಗೆ

ಅಕ್ಕ, ನನಗೆ ಚಿತ್ರ ಬಿಡಿಸೋಕೆ ಬರಲ್ಲ. ಆದ್ರೂ ಡಿಸೈನ್ ಮಾಡಬಹುದಾ?

ಖಂಡಿತ ಮಾಡಬಹುದು. ಈ ಕೆಲಸಕ್ಕೆ ಚಿತ್ರಕ್ಕಿಂತ ಅಳತೆ ಮುಖ್ಯ. ಟೇಪು ತಗೊಂಡು ಯಾರದಾದರೂ ಜಡೆ ಅಳೆಯಿರಿ. ಕತ್ತಿನ ಹತ್ತಿರ ಎಷ್ಟು ಅಗಲ, ನಡುವೆ ಎಷ್ಟು, ತುದಿಯಲ್ಲಿ ಎಷ್ಟು? ಕತ್ತಿನಿಂದ ತುದಿಯವರೆಗೆ ಎಷ್ಟು ಉದ್ದ? ಈ ನಾಲ್ಕು ಅಂಕಿ ಬರೆದಿಟ್ಟುಕೊಂಡರೆ ಅರ್ಧ ಡಿಸೈನ್ ಮುಗಿದ ಹಾಗೆ.

ಆಮೇಲೆ ಹಳೇ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಆಕಾರ ಕತ್ತರಿಸಿ, ಪಿನ್ನಿನಿಂದ ಜಡೆಗೆ ಸಿಕ್ಕಿಸಿ. ಹಾಕಿಕೊಂಡವರು ನಡೆಯಲಿ, ಬಗ್ಗಲಿ, ತಿರುಗಿ ನೋಡಲಿ. ರಟ್ಟು ಎಲ್ಲಿ ಕತ್ತಿಗೆ ಚುಚ್ಚುತ್ತದೆ, ಎಲ್ಲಿ ಪಕ್ಕಕ್ಕೆ ಹೊರಳುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಮಣಿ, ಕಲ್ಲು, ಬಣ್ಣ ಎಲ್ಲ ಇದಾದ ಮೇಲೆ.

ಏನೇನು ಸಾಮಾನು ತಗೋಬೇಕು? ಜಾಸ್ತಿ ಖರ್ಚು ಮಾಡೋಕೆ ಆಗಲ್ಲ.

ಜಾಸ್ತಿ ಬೇಡ. ಒಂದು ಒಳ್ಳೆಯ ಕತ್ತರಿ, ಮಣಿಗೆ ಹೋಗುವ ಸಣ್ಣ ಸೂಜಿ, ನೈಲಾನ್ ದಾರ, ಮೂತಿ ಸಣ್ಣಗಿರುವ ಇಕ್ಕಳ, ತಂತಿ ಕತ್ತರಿಸುವ ಕಟರ್. ಹಿಂಬದಿಗೆ ಬಕ್ರಂ (ಅಂಗಿಯ ಕಾಲರಿಗೆ ಹಾಕುವ ಗಡಸು ಬಟ್ಟೆ) ಮತ್ತು ಫೆಲ್ಟ್ ಬಟ್ಟೆ. ಬಕ್ರಂ ಟೈಲರ್ ಅಂಗಡಿಯಲ್ಲೇ ಸಿಗುತ್ತದೆ. ಮೊದಲ ಕೆಲಸಕ್ಕೆ ಮನೆಯಲ್ಲಿರುವ ಹರಿದ ಸರ, ಹಳೇ ಸೀರೆಯ ಜರಿ ಅಂಚು ಸಾಕು.

ತಂತಿ ಕೊಳ್ಳುವಾಗ ಗೇಜ್ ನಂಬರ್ ಒಂದನ್ನೇ ಹೇಳಿ ಬರಬೇಡಿ. ಗೇಜಿಗೆ ಎರಡು ಮೂರು ಪದ್ಧತಿಗಳಿವೆ. ಒಂದೇ ನಂಬರಿನ ತಂತಿ ಒಂದೊಂದು ಪದ್ಧತಿಯಲ್ಲಿ ಒಂದೊಂದು ದಪ್ಪ ಇರುತ್ತದೆ. ಮಿಲಿಮೀಟರಿನಲ್ಲೇ ಕೇಳಿ. ಚೌಕಟ್ಟಿಗೆ 0.8 ಮಿ.ಮೀ., ಮಣಿ ಸುತ್ತಲು 0.4 ಮಿ.ಮೀ. ಇದ್ದರೆ ಕೆಲಸ ಸಲೀಸು.

ರಾಗಟೆ, ನಾಗರ, ಜಡೆಬಿಲ್ಲೆ ಅಂತಾರಲ್ಲ, ಯಾವುದು ಎಲ್ಲಿ ಕೂರುತ್ತೆ?

ಮೇಲಿನಿಂದ ಕೆಳಗೆ ಬರೋಣ. ಬೈತಲೆಯ ಮೇಲೆ ಇಳಿದು ಹಣೆಗೆ ಬರುವುದು ಬೈತಲೆ ಬೊಟ್ಟು. ಬೈತಲೆಯ ಎರಡು ಪಕ್ಕ ಕೂರುವುದು ಸೂರ್ಯ ಮತ್ತು ಚಂದ್ರ. ತಲೆಯ ಹಿಂಭಾಗದಲ್ಲಿ, ಜಡೆ ಶುರುವಾಗುವ ಕಡೆ ದುಂಡಗೆ ಕೂರುವುದು ರಾಗಟೆ. ಅದರ ಕೆಳಗೆ ಹೆಡೆ ಬಿಚ್ಚಿದ ಹಾವಿನ ಆಕಾರದ ನಾಗರ. ಜಡೆಯ ಉದ್ದಕ್ಕೆ ಬರುವ ಬಿಲ್ಲೆಗಳು ಜಡೆಬಿಲ್ಲೆ. ತುದಿಯಲ್ಲಿ ಕುಚ್ಚು.

ಮೇಲಿನ ತುಂಡು ದೊಡ್ಡದು, ಕೆಳಗೆ ಹೋದಂತೆ ಸಣ್ಣದು. ಜಡೆಯೂ ಹಾಗೇ ಸಣ್ಣಗಾಗುತ್ತದೆ, ಅಲ್ವಾ? ಹಳಬರು ಕೂದಲನ್ನೇ ನೋಡಿ ಈ ಕ್ರಮ ಮಾಡಿದ್ದಾರೆ. ನೀವು ಹೊಸ ಡಿಸೈನ್ ಮಾಡಿದರೂ ಇದನ್ನು ಬಿಡಬೇಡಿ.

ನನ್ನ ಕೂದಲು ತುಂಬಾ ತೆಳು. ಯಾವ ಕ್ಲಿಪ್ ಹಾಕಿದ್ರೂ ಜಾರಿ ಹೋಗುತ್ತೆ.

ಜಾರುವುದು ಹೆಚ್ಚಾಗಿ ಕ್ಲಿಪ್ಪಿನ ಒಳಬದಿ ನುಣುಪಾಗಿರುವುದರಿಂದ. ಅಲ್ಲಿ ಒಂದು ತೆಳು ವೆಲ್ವೆಟ್ ಪಟ್ಟಿ ಅಂಟಿಸಿ. ಕೂದಲಿಗೆ ಹಿಡಿತ ಬರುತ್ತದೆ. ಎಣ್ಣೆ ಹಚ್ಚಿದ ದಿನ ಕ್ಲಿಪ್ ಬೇಡ, ರಿಬ್ಬನ್ ಸೇರಿಸಿ ಹೆಣೆಯಿರಿ. ಮೂರು ಎಳೆಗೂ ಒಂದೊಂದು ಸ್ಯಾಟಿನ್ ರಿಬ್ಬನ್ ಸೇರಿಸಿದರೆ ಜಡೆ ದಪ್ಪ ಕಾಣುತ್ತದೆ, ಬಿಲ್ಲೆಯನ್ನು ಆ ರಿಬ್ಬನ್ನಿಗೇ ಹೊಲಿಯಬಹುದು. ಆಗ ಭಾರ ಕೂದಲಿನ ಮೇಲೆ ಬೀಳುವುದಿಲ್ಲ.

ಬೇಕಿದ್ದರೆ ಚೌರಿ ಸೇರಿಸಿ. ಆದರೆ ಚೌರಿಯ ಉದ್ದ ನಿಮ್ಮ ಕೂದಲಿನ ಒಂದೂವರೆ ಪಟ್ಟು ದಾಟದಿರಲಿ. ಅದಕ್ಕಿಂತ ಉದ್ದವಾದರೆ ಕತ್ತಿನ ಹತ್ತಿರ ಎಳೆತ ಶುರುವಾಗುತ್ತದೆ.

ಜಡೆಗೆ ಎಷ್ಟು ಭಾರ ಹಾಕಬಹುದು?

ನಾನು ಪಾಲಿಸುವ ಲೆಕ್ಕ ಹೇಳುತ್ತೇನೆ. ದಿನಾ ಹಾಕುವ ಕ್ಲಿಪ್ 15 ಗ್ರಾಂ ಒಳಗೆ. ಒಂದು ದಿನದ ಸಮಾರಂಭಕ್ಕೆ ಜಡೆಯ ಪೂರ್ತಿ ಅಲಂಕಾರ 150 ಗ್ರಾಂ ಒಳಗೆ. ಮಕ್ಕಳಿಗೆ ಇದರ ಅರ್ಧ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು, ಪ್ರತಿ ತುಂಡನ್ನೂ ತೂಗಿ ಬರೆದಿಡಿ.

ಇದು ಸುಮ್ನೆ ಹೇಳುವ ಮಾತಲ್ಲ. ಕೂದಲನ್ನು ತಿಂಗಳುಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲೆ ಕೂದಲು ಉದುರುತ್ತದೆ. ಎಳೆತ ತುಂಬಾ ಕಾಲ ಮುಂದುವರಿದರೆ ಬೇರು ಸತ್ತು, ಅಲ್ಲಿ ಮತ್ತೆ ಕೂದಲು ಬರುವುದೇ ಇಲ್ಲ. ನೃತ್ಯ ಕಲಿಯುವ ಹುಡುಗಿಯರಲ್ಲಿ ಈ ಗುರುತು ನೋಡಿದ್ದೇನೆ, ಮನಸ್ಸಿಗೆ ನೋವಾಗುತ್ತದೆ. ಜಡೆ ಬಿಚ್ಚಿದಾಗ ತಲೆ ನೋಯುತ್ತಿದ್ದರೆ, ಬೇರಿನ ಸುತ್ತ ಸಣ್ಣ ಗುಳ್ಳೆ ಎದ್ದಿದ್ದರೆ ಆ ಒಡವೆ ನಿಮಗಲ್ಲ.

ಕೀಮೋ ಆದ್ಮೇಲೆ ಕೂದಲು ಈಗ ಸ್ವಲ್ಪ ಸ್ವಲ್ಪ ಬರ್ತಾ ಇದೆ. ನಾದಿನಿ ಮದುವೆಗೆ ನಾನೂ ಏನಾದ್ರೂ ಹಾಕಬಹುದಾ?

ಖಂಡಿತ ಹಾಕಿ. ಆದರೆ ಕೂದಲಿಗೆ ಸಿಕ್ಕಿಸುವುದು ಯಾವುದೂ ಬೇಡ. ಹತ್ತಿ ಅಥವಾ ಬಿದಿರಿನ ನೂಲಿನ ಮೆತ್ತನೆ ಪಟ್ಟಿ ತಗೊಂಡು ಅದರ ಹೊರಬದಿಗೆ ಮಾತ್ರ ಕಸೂತಿ ಮಾಡಿ. ಹೊಲಿಗೆ, ಗಂಟು ಯಾವುದೂ ಒಳಗೆ ತಾಗಬಾರದು. ಎಲಾಸ್ಟಿಕ್ ಹಿಂದೆ ಎರಡು ಇಂಚು ಮಾತ್ರ ಇರಲಿ, ಸುತ್ತಲೂ ಬೇಡ. ಸೀರೆಯದೇ ಬಟ್ಟೆಯಲ್ಲಿ ತಲೆಗೆ ಸುತ್ತುವ ವಸ್ತ್ರ ಮಾಡಿ, ಕಿವಿಯ ಪಕ್ಕ ಒಂದು ಹಗುರ ಬಟ್ಟೆ ಹೂ ಹೊಲಿದರೂ ಬಹಳ ಲಕ್ಷಣವಾಗಿರುತ್ತದೆ. ಲೋಹ, ಅಂಟು, ಗಾಢ ಪರಿಮಳ ಈಗ ಬೇಡ. ನೆತ್ತಿಯ ಚರ್ಮ ಇನ್ನೂ ಮೆತ್ತಗಿರುತ್ತದೆ.

## ಸಾಮಗ್ರಿ ಮತ್ತು ನಮ್ಮ ಮಳೆ

ಪ್ರತಿ ಮಳೆಗಾಲ ಕ್ಲಿಪ್ ತುಕ್ಕು, ವೆಲ್ವೆಟ್‌ಗೆ ಬೂಷ್ಟು, ಬೆಳ್ಳಿ ಕಪ್ಪು. ಏನು ಮಾಡೋದು?

ಕೊಡಗಿನಲ್ಲಿ ಇದು ಮೊದಲನೇ ಪ್ರಶ್ನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬೆಂಗಳೂರಿನ ವಿಡಿಯೋ ನೋಡಿ ಮಾಡಿದ ಒಡವೆ ಇಲ್ಲಿ ಉಳಿಯದಿರುವುದಕ್ಕೆ ಕಾರಣ ಇದೇ.

ಮೊದಲು ಲೋಹ. ಕಬ್ಬಿಣದ ಕ್ಲಿಪ್ಪಿಗೆ ಎಷ್ಟೇ ಬಣ್ಣ ಬಳಿದರೂ ಅಂಚಿನಲ್ಲಿ, ಸ್ಪ್ರಿಂಗ್ ಹತ್ತಿರ ತುಕ್ಕು ಶುರುವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ ತಗೊಳ್ಳಿ, ಸ್ವಲ್ಪ ಬೆಲೆ ಜಾಸ್ತಿ ಅಷ್ಟೇ. ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. ಒಡವೆಗೆ ಬಳಸುವ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ, ಬರೀ ಕಬ್ಬಿಣ ಥಟ್ಟನೆ ಅಂಟುತ್ತದೆ. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲ, ಮಂಕಾಗುತ್ತದೆ. ಹುಣಸೆಹಣ್ಣು ಉಜ್ಜಿ ತೊಳೆದು ಚೆನ್ನಾಗಿ ಒರೆಸಿದರೆ ಮತ್ತೆ ಹೊಳೆಯುತ್ತದೆ. ಆದರೆ ಲೇಪನ ಇರುವ ಒಡವೆಗೆ ಹುಣಸೆ ತಾಗಿಸಬೇಡಿ, ಲೇಪನ ಹೋಗುತ್ತದೆ.

ಎರಡನೆಯದು ಬಟ್ಟೆ. ವೆಲ್ವೆಟ್, ಫೆಲ್ಟ್, ಹತ್ತಿ ಎಲ್ಲವೂ ತೇವ ಹೀರುತ್ತವೆ. ಮಳೆಗಾಲಕ್ಕೆ ಮಾಡುವ ತುಂಡಿಗೆ ನಾನು ಪಾಲಿಯೆಸ್ಟರ್ ಸ್ಯಾಟಿನ್, ನೈಲಾನ್ ದಾರ, ಗಾಜಿನ ಮಣಿ ಬಳಸುತ್ತೇನೆ. ವೆಲ್ವೆಟ್ ಕೆಲಸ ನವೆಂಬರ್ ಬರುವ ತನಕ ಕಾಯಲಿ.

ಮೂರನೆಯದು ಇಡುವ ಜಾಗ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ನೀಲಿ ಕಾಳಿನ ಸಿಲಿಕಾ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಕಾಳನ್ನು ಸುಮಾರು 120 ಡಿಗ್ರಿ ಬಿಸಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ, ಪುನಃ ಬಳಸಬಹುದು. ಅದಕ್ಕೆ ಅಡುಗೆಯ ಪಾತ್ರೆ ಬೇಡ, ಬೇರೆ ಇಟ್ಟುಕೊಳ್ಳಿ. ಬೆಳ್ಳಿಯನ್ನು ಮಾತ್ರ ರಬ್ಬರ್ ಬ್ಯಾಂಡ್ ಇರುವ ಡಬ್ಬಿಗೆ ಹಾಕಬೇಡಿ. ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಬೇಗ ಕಪ್ಪು ಮಾಡುತ್ತದೆ.

ಇನ್ನೊಂದು ಮಾತು. ಒದ್ದೆ ಕೂದಲಿಗೆ ಜಡೆ ಹೆಣೆದು ಬಿಲ್ಲೆ ಹಾಕಬೇಡಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಮಿಂದು ಹಾಗೇ ಜಡೆ ಹಾಕುವವರು ತುಂಬಾ ಜನ. ಒಡವೆಯನ್ನು ಪುಟ್ಟ ಚೀಲದಲ್ಲಿ ಇಟ್ಟುಕೊಂಡಿರಿ, ಕೂದಲು ಒಣಗಿದ ಮೇಲೆ ಹಾಕಿ.

ಗ್ಲೂ ಗನ್ ಇದ್ರೆ ಸಾಕಲ್ವಾ? ಹೊಲಿಯೋದು ಯಾಕೆ?

ಗ್ಲೂ ಗನ್ ಅಂಟು ಪ್ಲಾಸ್ಟಿಕ್ ಜಾತಿಯದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಮೆತ್ತಗಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗಿ ಲೋಹದಿಂದ ಕಳಚುತ್ತದೆ. ಎಣ್ಣೆ ತಾಗಿದರೆ ಇನ್ನೂ ಬೇಗ. ಮಣಿ, ಬಿಲ್ಲೆ, ಕುಚ್ಚು ಎಲ್ಲವನ್ನೂ ಬಕ್ರಂಗೆ ಹೊಲಿಯಿರಿ. ಪ್ರತಿ ಮಣಿಗೆ ದಾರ ಎರಡು ಸಲ ಹೋಗಲಿ, ನಾಲ್ಕೈದು ಮಣಿಗೊಮ್ಮೆ ಗಂಟು ಹಾಕಿ. ಒಂದು ಕಡೆ ದಾರ ತುಂಡಾದರೂ ಪೂರ್ತಿ ಉದುರುವುದಿಲ್ಲ. ಅಂಟು ಬೇಕಾಗುವುದು ಚಪ್ಪಟೆ ಬೆನ್ನಿನ ಕಲ್ಲಿಗೆ ಮಾತ್ರ. ಅದಕ್ಕೆ ಒಡವೆ ಕೆಲಸದ ಟ್ಯೂಬ್ ಅಂಟು ಬಳಸಿ, ಒಂದು ಪೂರ್ತಿ ದಿನ ಮುಟ್ಟದೆ ಬಿಡಿ.

ಕ್ಲಿಪ್ ತಾಗಿದ ಕಡೆ ತುರಿಕೆ, ಕೆಂಪಗೆ ಆಗುತ್ತೆ. ಯಾಕೆ?

ಹೆಚ್ಚಾಗಿ ನಿಕ್ಕಲ್ ಕಾರಣ. ಅಗ್ಗದ ಕ್ಲಿಪ್ಪುಗಳ ಹೊಳಪಿನ ಪದರದಲ್ಲಿ ಅದು ಇರುತ್ತದೆ. ಬೆವರು ತಾಗಿದಾಗ ಹೊರಗೆ ಬರುತ್ತದೆ. ಯುರೋಪಿನಲ್ಲಿ ಚರ್ಮಕ್ಕೆ ತಾಗಿ ಇರುವ ಒಡವೆಯಿಂದ ಒಂದು ಚದರ ಸೆಂ.ಮೀ.ಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕ್ಕಲ್ ಹೊರಬರಬಾರದು ಅಂತ ಕಾನೂನೇ ಇದೆ. ನೀವು ಮಾಡುವಾಗ ಲೋಹ ಚರ್ಮಕ್ಕೆ ತಾಗುವ ಕಡೆಯೆಲ್ಲ ಬಟ್ಟೆ ಹೊದಿಸಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ, ಮರದ ತುರುಬಿನ ಕಡ್ಡಿ ಇಂಥವರಿಗೆ ಒಳ್ಳೆಯದು. ಆ ಮಣಿಗೆ ಬಳಸುವ ಹಾಲೆ ಮರ ಹಗುರ, ಲೋಹದ ಗೊಡವೆಯೇ ಇಲ್ಲ. ತುರಿಕೆ ನಿಲ್ಲದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ.

ಕಾಫಿ ಬೀಜ, ಏಲಕ್ಕಿ, ಗುಲಗಂಜಿಯಲ್ಲಿ ಏನಾದ್ರೂ ಮಾಡಬಹುದಾ? ನಮ್ಮೂರಿನ ಗುರುತು ಇರಲಿ ಅಂತ.

ಕಾಫಿ ಬೀಜ ಮಾಡಬಹುದು. ಹುರಿದ ಬೀಜ ಬೇಡ. ಅದು ಪುಡಿಯಾಗುತ್ತದೆ, ಎಣ್ಣೆ ಬಿಟ್ಟು ಬಟ್ಟೆಗೆ ಕಲೆ ಮಾಡುತ್ತದೆ. ಚೆನ್ನಾಗಿ ಒಣಗಿದ ಹಸಿರು ಬೀಜ ತಗೊಂಡು 1 ಮಿ.ಮೀ. ಡ್ರಿಲ್‌ನಿಂದ ನಿಧಾನವಾಗಿ ತೂತು ಮಾಡಿ, ಎರಡು ಕೋಟ್ ವಾರ್ನಿಷ್ ಹಚ್ಚಿ. ವಾರ್ನಿಷ್ ಇಲ್ಲದಿದ್ದರೆ ಹುಳ ಬೀಳುತ್ತದೆ. ಬೀಜದ ನಡುವಿನ ಗೀರು ಹೊರಗೆ ಕಾಣುವ ಹಾಗೆ ಪೋಣಿಸಿದರೆ ನೋಡಿದವರಿಗೆ ಅದು ಕಾಫಿ ಅಂತ ತಕ್ಷಣ ಗೊತ್ತಾಗುತ್ತದೆ.

ಏಲಕ್ಕಿ ಒಂದು ದಿನದ ಅಲಂಕಾರಕ್ಕೆ ಚೆನ್ನ. ಸಿಪ್ಪೆ ಒಡೆಯುವುದರಿಂದ ಇಟ್ಟುಕೊಳ್ಳಲು ಬಾರದು.

ಗುಲಗಂಜಿ ಬೇಡವೇ ಬೇಡ. ಕೆಂಪು ಕಪ್ಪಿನ ಆ ಕಾಳು ಎಷ್ಟು ಚಂದವೋ ಅಷ್ಟು ವಿಷ. ಸಿಪ್ಪೆ ಗಟ್ಟಿಯಾಗಿರುವ ತನಕ ವಿಷ ಒಳಗೇ ಇರುತ್ತದೆ. ಪೋಣಿಸಲು ತೂತು ಮಾಡಿದರೆ ಆ ಕಾವಲು ಹೋಯಿತು. ಮಗು ಜಡೆ ಕಚ್ಚಿ ನುಂಗಿದರೆ ಪ್ರಾಣಕ್ಕೇ ಅಪಾಯ. ಅದೇ ಬಣ್ಣ ಬೇಕಿದ್ದರೆ ಮರದ ಮಣಿಗೆ ಬಣ್ಣ ಹಾಕಿ.

ಅಜ್ಜನ ಕಾಲದ ಹುಲಿ ಉಗುರು ಇದೆ. ಮುಳ್ಳುಹಂದಿ ಮುಳ್ಳೂ ಇದೆ. ತುರುಬಿಗೆ ಹಾಕೋ ಹಾಗೆ ಮಾಡಿಕೊಡ್ತೀರಾ?

ಮಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇವನ್ನು ಒಡವೆ ಮಾಡುವುದು, ಮಾರುವುದು ಅಪರಾಧ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇಟ್ಟುಕೊಂಡರೂ ತೊಂದರೆ. ಆನೆ ಬಾಲದ ಕೂದಲಿಗೂ ಇದೇ ಮಾತು. ಮನೆಯಲ್ಲಿ ಇದ್ದರೆ ಅರಣ್ಯ ಇಲಾಖೆಯವರ ಹತ್ತಿರ ಮಾತಾಡಿ.

ನವಿಲು ಗರಿಗೆ ವಿನಾಯಿತಿ ಇದೆ. ತಾನಾಗಿ ಉದುರಿದ ಗರಿಯನ್ನು ದೇಶದೊಳಗೆ ಬಳಸಬಹುದು, ಹೊರದೇಶಕ್ಕೆ ಕಳಿಸುವಂತಿಲ್ಲ. ಆದರೂ ನಾನು ರೇಷ್ಮೆ ದಾರದಲ್ಲಿ ಗರಿಯ ಕಣ್ಣನ್ನು ಕಸೂತಿ ಮಾಡುವುದನ್ನೇ ಇಷ್ಟಪಡುತ್ತೇನೆ. ಅದು ಮುರಿಯುವುದಿಲ್ಲ, ನುಸಿ ಹಿಡಿಯುವುದಿಲ್ಲ.

## ಹೂವಿನ ಕೆಲಸ

ಮೊಗ್ಗಿನ ಜಡೆ ಮನೆಯಲ್ಲೇ ಕಟ್ಟೋದು ಹೇಗೆ?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಲಿತರೆ ಮನೆಯ ಎಷ್ಟೋ ಸಂಭ್ರಮಗಳಿಗೆ ಆಗುತ್ತದೆ.

ಮೊಗ್ಗು ಬಿಗಿಯಾಗಿರಬೇಕು, ಒಂದೇ ಗಾತ್ರದ್ದು ಆರಿಸಬೇಕು. ಮಲ್ಲಿಗೆ ಸಂಜೆ ಬಿರಿಯುತ್ತದೆ. ಹಾಗಾಗಿ ಬೆಳಿಗ್ಗೆ ಸಿಕ್ಕಿದ ಮೊಗ್ಗನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿ ಇಡಿ. ನೀರು ಚಿಮುಕಿಸಬೇಡಿ, ಮೊಗ್ಗು ಕಂದುತ್ತದೆ. ನಮ್ಮಲ್ಲಿ ಮಲ್ಲಿಗೆ ಹೆಚ್ಚಾಗಿ ಮೈಸೂರು ಕಡೆಯಿಂದ ಬರುವುದು, ಅದಕ್ಕೆ ಹಿಂದಿನ ದಿನವೇ ಹೇಳಿಟ್ಟಿರಬೇಕು. ಮಡಿಕೇರಿಯ ಚಳಿ ಇಲ್ಲಿ ನಮಗೆ ಸಹಾಯ ಮಾಡುತ್ತದೆ, ಮೊಗ್ಗು ನಿಧಾನವಾಗಿ ಬಿರಿಯುತ್ತದೆ.

ಹಿಂಬದಿಗೆ ಬಾಳೆ ಪಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಹಗುರ, ತಂಪು, ಬೆನ್ನಿನ ತಿರುವಿಗೆ ಬಾಗುತ್ತದೆ. ಜಡೆಯ ಉದ್ದಕ್ಕೆ, ಮೇಲೆ ಅಗಲ ಕೆಳಗೆ ಸಣ್ಣ ಬರುವಂತೆ ಕತ್ತರಿಸಿ. ಅಂಚು ಸೀಳದಿರಲು ತೆಳು ಹಸಿರು ಬಟ್ಟೆ ಸುತ್ತಿ ಹೊಲಿಯಿರಿ. ಬಾಳೆ ಸಿಗದಿದ್ದರೆ ರಟ್ಟು ಬಳಸಬಹುದು. ಆದರೆ ಉದ್ದ ರಟ್ಟು ಒಂದೇ ತುಂಡು ಬೇಡ, ಮೂರು ತುಂಡು ಮಾಡಿ ಬಟ್ಟೆಯಿಂದ ಜೋಡಿಸಿ. ಇಲ್ಲದಿದ್ದರೆ ಕೂತಾಗ ಕತ್ತಿಗೆ ಒತ್ತುತ್ತದೆ.

ಹೊಲಿಗೆ ಕೆಳಗಿನಿಂದ ಶುರು. ಸೂಜಿ ಮೊಗ್ಗಿನ ತೊಟ್ಟಿನ ಮೂಲಕ ಹೋಗಬೇಕು, ತಲೆಯ ಮೂಲಕ ಅಲ್ಲ. ಒಂದು ಸಾಲಿನಲ್ಲಿ ಮೊಗ್ಗಿನ ತಲೆಗಳು ಎರಡು ಪಕ್ಕಕ್ಕೆ, ತೊಟ್ಟುಗಳು ನಡುವಿಗೆ ಬರಲಿ. ಮೇಲಿನ ಸಾಲು ಕೆಳಗಿನ ಸಾಲಿನ ತೊಟ್ಟನ್ನು ಮುಚ್ಚಲಿ. ನಡುವೆ ಉಳಿಯುವ ಗೆರೆಗೆ ಕನಕಾಂಬರ ಅಥವಾ ಗುಲಾಬಿ ಪಕಳೆ. ಮರುಗದ ಒಂದೊಂದು ಎಲೆ ಸೇರಿಸಿದರೆ ಹಸಿರೂ ಆಯಿತು, ವಾಸನೆಯೂ ಆಯಿತು.

ಕಟ್ಟುವಾಗ ಮೊದಲು ಮಾಮೂಲಿ ಜಡೆಯನ್ನು ಗಟ್ಟಿಯಾಗಿ ಹೆಣೆದು, ಹೂ ಪಟ್ಟಿಯನ್ನು ಐದಾರು ಕಡೆ ದಾರದಿಂದ ಜಡೆಗೆ ಬಿಗಿಯಿರಿ. ಬರೀ ಮೇಲೊಂದು ಕೆಳಗೊಂದು ಕಟ್ಟಿದರೆ ಪೂರ್ತಿ ಭಾರ ನೆತ್ತಿಗೆ ಬೀಳುತ್ತದೆ.

ಕಾಫಿ ಹೂವು ಜಡೆಗೆ ಮುಡಿಯಬಹುದಾ? ಇಲ್ಲಾ ರೆಸಿನ್‌ನಲ್ಲಿ ಹಾಕಿ ಕ್ಲಿಪ್ ಮಾಡಬಹುದಾ?

ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಎಲ್ಲರಿಗೂ ಈ ಆಸೆ ಬರುತ್ತದೆ. ಪ್ರತಿ ಹೂವೂ ಒಂದು ಹಣ್ಣಾಗಬಹುದು ಅನ್ನುವುದು ನೆನಪಿರಲಿ. ಅದು ಮೂರು ನಾಲ್ಕು ದಿನದಲ್ಲಿ ತಾನೇ ಕಂದಿ ಉದುರುತ್ತದೆ, ಅಷ್ಟರಲ್ಲಿ ಕಾಯಿ ಕಟ್ಟುವ ಕೆಲಸ ಮುಗಿದಿರುತ್ತದೆ. ಕಂದುವ ಮೊದಲೇ ಗಾಳಿಗೆ, ಕೆಲಸದವರ ಕೈ ತಾಗಿ ಬಿದ್ದ ಹೂಗಳು ಒಂದಷ್ಟು ಸಿಗುತ್ತವೆ. ಆರಿಸಿಕೊಂಡರೆ ತೋಟಕ್ಕೆ ನಷ್ಟ ಇಲ್ಲ.

ರೆಸಿನ್ ಅಂದರೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ. ಅದಕ್ಕೆ ಹಾಕುವ ಮೊದಲು ಹೂ ಪೂರ್ತಿ ಒಣಗಬೇಕು. ಹಸಿ ಹೂ ಹಾಕಿದರೆ ಒಳಗೇ ಕಂದು ಬಣ್ಣಕ್ಕೆ ತಿರುಗಿ ಗುಳ್ಳೆ ಬರುತ್ತದೆ. ಸಿಲಿಕಾ ಪುಡಿಯಲ್ಲಿ ಹೂತು ನಾಲ್ಕೈದು ದಿನ ಬಿಡಿ. ರೆಸಿನ್ ಮತ್ತು ಗಟ್ಟಿ ಮಾಡುವ ದ್ರವದ ಪ್ರಮಾಣ ಪೊಟ್ಟಣದ ಮೇಲೆ ಹೇಳಿದಷ್ಟೇ ಇರಲಿ, ಕಣ್ಣಳತೆ ಬೇಡ. ಈ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ರೆಸಿನ್ ಮೇಲ್ಮೈ ಮಸುಕಾಗುತ್ತದೆ, ಅಂಟಂಟಾಗಿ ಉಳಿಯುತ್ತದೆ. ಕಿಟಕಿ ತೆರೆದಿಡಿ, ಕೈಗವಸು ಹಾಕಿ.

ಮರದ ಮೇಲೆ ಬೆಳೆಯೋ ಸೀತಾಳೆ ದಂಡೆ ಮುಡಿಯೋದು ತಪ್ಪಾ?

ನಿಮ್ಮ ಅಂಗಳದ ಮರದಲ್ಲಿ ಒಂದು ದಂಡೆ ಮುಡಿದರೆ ಯಾರೂ ಏನೂ ಅನ್ನುವುದಿಲ್ಲ. ಮಲೆನಾಡಿನಲ್ಲಿ ಅದು ಹೆಂಗಸರ ಮುಡಿಯ ಹೂವೇ. ದೂರದ ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಇದೇ ಆರ್ಕಿಡ್ ಮುಡಿಯುತ್ತಾರೆ. ಆದರೆ ಮಾರಾಟದ ಕೆಲಸಕ್ಕೆ ಕಾಡಿನಿಂದ ಕೀಳಬೇಡಿ. ಆಕಾರವನ್ನು ಮಾತ್ರ ಎತ್ತಿಕೊಳ್ಳಿ. ತಂತಿಯ ಸುತ್ತ ಬಿಳಿ, ತಿಳಿ ನೇರಳೆ ಸಣ್ಣ ಮಣಿಗಳನ್ನು ಒತ್ತೊತ್ತಾಗಿ ಸುತ್ತಿ ಕೆಳಕ್ಕೆ ಬಾಗಿಸಿದರೆ ತುರುಬಿನ ಪಕ್ಕ ಜೋಲುವ ಅಪರೂಪದ ಒಡವೆ ಆಗುತ್ತದೆ. ನನ್ನ ಕೆಲಸಗಳಲ್ಲಿ ನನಗೆ ಅತಿ ಪ್ರೀತಿಯದು ಇದೇ.

## ಕೊಡಗಿನ ಉಡುಗೆಗೆ

ಕೊಡವ ಸೀರೆ ಉಟ್ಟು ತಲೆಗೆ ವಸ್ತ್ರ ಕಟ್ಟಿದ್ಮೇಲೆ ಜಡೆ ಒಡವೆ ಎಲ್ಲಿ ಕಾಣುತ್ತೆ?

ತಲೆಯ ಮೇಲ್ಭಾಗ ಮುಚ್ಚುವುದರಿಂದ ರಾಗಟೆ, ಬೈತಲೆ ಬೊಟ್ಟಿಗೆ ಜಾಗ ಇಲ್ಲ. ಹಾಕಿದರೆ ವಸ್ತ್ರ ಎದ್ದು ನಿಂತು ಲಕ್ಷಣ ಕೆಡುತ್ತದೆ. ನಿಮಗೆ ಸಿಗುವುದು ಎರಡು ಜಾಗ. ಒಂದು, ವಸ್ತ್ರದ ಗಂಟಿನ ಕೆಳಗೆ ಕತ್ತಿನ ಹತ್ತಿರ. ಇನ್ನೊಂದು, ಜಡೆಯ ತುದಿ. ಈ ಸೀರೆಯ ನೆರಿಗೆ ಬೆನ್ನ ಹಿಂದೆ ಬರುತ್ತದೆ ಅನ್ನುವುದನ್ನೂ ಮರೆಯಬೇಡಿ. ಜಡೆ ಸೊಂಟದ ತನಕ ಇಳಿದರೆ ಕುಚ್ಚು ನೆರಿಗೆಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕೊಕ್ಕೆ, ಚೂಪು ಅಂಚು ಇಲ್ಲದ ರೇಷ್ಮೆ ದಾರದ ಕುಚ್ಚು ಮಾಡಿ. ವಸ್ತ್ರದ ಅಂಚಿಗೂ ಜಡೆಯ ಕುಚ್ಚಿಗೂ ಒಂದೇ ಬಣ್ಣದ ದಾರ ಇದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಕೊಕ್ಕೆತಾತಿ, ಪತ್ತಾಕ್ ಡಿಸೈನನ್ನ ಕ್ಲಿಪ್‌ಗೆ ತರಬಹುದಾ? ಹಿರಿಯರು ಬೈತಾರಾ?

ನನ್ನ ಅಭಿಪ್ರಾಯ ಹೇಳುತ್ತೇನೆ. ಕೊಡವತಿಯರ ಸರದ ಪದಕ ಕೊಕ್ಕೆತಾತಿಯ ಅರ್ಧಚಂದ್ರದ ಆಕಾರ ತುರುಬಿಗೆ ಹೇಳಿ ಮಾಡಿಸಿದ ಹಾಗಿದೆ. ಅಂಚಿನ ಮುತ್ತು, ನಡುವಿನ ಕೆಂಪು ಕಲ್ಲು ಕೂಡ ಚೆನ್ನಾಗಿ ಬರುತ್ತದೆ. ಆಕಾರದಿಂದ ಸ್ಫೂರ್ತಿ ಪಡೆಯಿರಿ, ಅದನ್ನೇ ನಕಲು ಮಾಡಿ ಅದೇ ಹೆಸರಿನಲ್ಲಿ ಮಾರಬೇಡಿ. ಪತ್ತಾಕ್ ಬೇರೆ ಮಾತು. ಕರಿಮಣಿಯ ಜೊತೆ ಅದು ಮದುವೆಯಾದ ಕೊಡವತಿಯ ಗುರುತು, ಎದೆಯ ಮೇಲೆ ಇರಬೇಕಾದದ್ದು. ಅದನ್ನು ಕೂದಲಿನ ಕ್ಲಿಪ್ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಚಿನ್ನದ ಗುಂಡಿನ ಸರ ಜೋಮಾಲೆಯಿಂದ ಕಲಿಯುವುದು ಬಹಳ ಇದೆ. ಅದರ ಗುಂಡು ನೋಡಲು ದಪ್ಪ, ಆದರೆ ಒಳಗೆ ಚಿನ್ನ ಅಲ್ಲ, ಅರಗು ತುಂಬಿರುತ್ತದೆ. ದೊಡ್ಡದಾಗಿ ಕಾಣಬೇಕು, ಹಗುರ ಇರಬೇಕು ಅನ್ನುವ ಜಡೆ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಥರ್ಮಾಕೋಲ್ ಗುಂಡಿಗೆ ಜರಿ ದಾರ ಸುತ್ತಿ ನಾನು ಮಾಡುವುದು ಅದೇ ಉಪಾಯ.

ಮಕ್ಕಳು ಉಮ್ಮತ್ತಾಟ್ ಕುಣೀತಾರೆ. ನಡುವಲ್ಲಿ ಹೂವು, ಬಿಲ್ಲೆ ಬಿದ್ದು ಹೋಗುತ್ತೆ.

ಉಮ್ಮತ್ತಾಟ್ ಅಂದರೆ ತಾಳ ಹಿಡಿದು ಆಡುವ ಕೊಡವ ಹೆಂಗಸರ ಕುಣಿತ. ಕುಣಿಯುವ ತಲೆಗೆ ಕ್ಲಿಪ್ ನಂಬಬೇಡಿ. ಎಲ್ಲ ತುಂಡನ್ನೂ ಒಂದು ಹಗ್ಗದ ಮಾದರಿಯ ರಿಬ್ಬನ್ನಿಗೆ ಮೊದಲೇ ಹೊಲಿದು, ಆ ರಿಬ್ಬನ್ ಸೇರಿಸಿ ಜಡೆ ಹೆಣೆಯಿರಿ. ತುರುಬಾದರೆ ಯು ಪಿನ್‌ಗಳನ್ನು ಒಂದಕ್ಕೊಂದು ಅಡ್ಡ ಹಾಕಿ. ಒಂದೇ ದಿಕ್ಕಿನ ಪಿನ್ ಕುಣಿದಂತೆ ಹೊರಗೆ ಬರುತ್ತದೆ. ತಾಳ ಹಿಡಿದ ಕೈ ತಲೆಯ ಹತ್ತಿರ ಬರುವಾಗ ತಾಗದಂತೆ ಪಕ್ಕಕ್ಕೆ ಚಾಚುವ ಹೂವು ಬೇಡ. ಒಡವೆ ಪೂರ್ತಿ ಹಾಕಿಸಿಯೇ ಒಂದು ಅಭ್ಯಾಸ ಮಾಡಿಸಿ.

## ಮುಂದಿನ ಹಂತ

ಮಾಡಿದ್ದೆಲ್ಲ ಫೋನ್‌ನಲ್ಲಿ ನೋಡಿದ ತರಾನೇ ಆಗುತ್ತೆ. ನಂದೇ ಡಿಸೈನ್ ಅಂತ ಬರೋದು ಹೇಗೆ?

ಫೋನ್ ಬದಿಗಿಟ್ಟು ಸುತ್ತ ನೋಡಿ. ಕಾಳುಮೆಣಸಿನ ಗೊನೆ ಜೋಲುವ ರೀತಿ, ಸಿಲ್ವರ್ ಓಕ್ ಎಲೆಯ ಬೆಳ್ಳಿ ಬೆನ್ನು, ಗದ್ದೆಯಲ್ಲಿ ಪುತ್ತರಿ ಸುಗ್ಗಿ ಹಬ್ಬಕ್ಕೆ ಕೊಯ್ಯುವ ಕದಿರು. ಒಂದನ್ನೇ ಹಿಡಿದು ಹತ್ತು ರೀತಿ ಮಾಡಿ. ಮೆಣಸಿನ ಗೊನೆಯನ್ನು ಹಸಿರು ಮಣಿಯಲ್ಲಿ, ಕೆಂಪಿನಲ್ಲಿ, ಕಪ್ಪಿನಲ್ಲಿ ಮಾಡಿದರೆ ಕಾಯಿಯಿಂದ ಒಣಗುವ ತನಕದ ಕಥೆಯೇ ಒಂದು ಜಡೆಯ ಮೇಲೆ ಬರುತ್ತದೆ.

ಹಳೆಯದನ್ನೂ ನೋಡಬೇಕು. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದ್ದು, 1117ರದ್ದು. ಅಲ್ಲಿನ ಮದನಿಕೆಯರನ್ನು ಎಲ್ಲರೂ ಮುಂದಿನಿಂದ ನೋಡಿ ಬರುತ್ತಾರೆ. ನೀವು ಪಕ್ಕಕ್ಕೆ ನಿಂತು ತುರುಬು ನೋಡಿ. ಸರ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ಗೆರೆ ಹಾಕಿಕೊಳ್ಳಿ. ಕುಶಾಲನಗರ ದಾಟಿದರೆ ಬೈಲಕುಪ್ಪೆ. ಟಿಬೆಟಿನವರು 1961ರಿಂದ ಅಲ್ಲಿ ನೆಲೆಸಿದ್ದಾರೆ. ಅವರ ಹವಳದ ಕೆಂಪು, ಟರ್ಕಾಯ್ಸ್ ಕಲ್ಲಿನ ನೀಲಿ ಹಸಿರು ಮಣಿಗಳ ಜೋಡಣೆ ನಮ್ಮ ಕಪ್ಪು ಕೂದಲಿನ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ಹಾಕಿ ನೋಡಿ.

ಮದುವೆಗೆ ಒಂದೇ ತರದ ಇಪ್ಪತ್ತು ಕ್ಲಿಪ್ ಬೇಕು ಅಂತಾರೆ. ಎಲ್ಲಾ ಸಮ ಬರಲ್ಲ.

ಮರದ ಹಲಗೆಗೆ ಮೊಳೆ ಹೊಡೆದು ಅಚ್ಚು ಮಾಡಿಕೊಳ್ಳಿ. ತಂತಿ ಆ ಮೊಳೆಗಳ ಸುತ್ತ ಬಂದರೆ ಪ್ರತಿ ಸಲ ಅದೇ ಆಕಾರ. ಒಂದು ಕ್ಲಿಪ್ ಪೂರ್ತಿ ಮಾಡಿ ಇನ್ನೊಂದು ಶುರು ಮಾಡಬೇಡಿ. ಇಪ್ಪತ್ತಕ್ಕೂ ಬಕ್ರಂ ಕತ್ತರಿಸಿ, ಆಮೇಲೆ ಇಪ್ಪತ್ತಕ್ಕೂ ಮಣಿ.

ಬೆಲೆ ಎಷ್ಟು ಹೇಳ್ಲಿ? ಹೇಳೋಕೆ ಸಂಕೋಚ ಆಗುತ್ತೆ.

ಸಂಕೋಚ ಬೇಡ, ಲೆಕ್ಕ ಇರಲಿ. ಉದಾಹರಣೆಗೆ ಸಾಮಗ್ರಿ 90 ರೂಪಾಯಿ. ಗಂಟೆಗೆ 100 ರೂಪಾಯಿಯಂತೆ ಒಂದೂವರೆ ಗಂಟೆ ಕೆಲಸ 150. ಡಬ್ಬಿ, ಚೀಟಿ 15. ಹಾಳಾಗುವ ಮಣಿ, ದಾರ, ಕರೆಂಟು ಅಂತ 25. ಒಟ್ಟು 280. ಇದು ನಿಮ್ಮ ಖರ್ಚು, ಇದಕ್ಕಿಂತ ಕೆಳಗೆ ಇಳಿಯಬೇಡಿ. ಅಂಗಡಿಯವರು 30 ಶೇಕಡ ತಗೊಳ್ಳುವುದಾದರೆ ಬೆಲೆ ಚೀಟಿಯ ಮೇಲೆ 400 ಬರೆದರೆ ಮಾತ್ರ ಈ 280 ನಿಮ್ಮ ಕೈಗೆ ಬರುತ್ತದೆ. ಲಾಭ ಅದರ ಮೇಲೆ. ತುಂಬಾ ಹೆಂಗಸರು ತಮ್ಮ ಸಮಯಕ್ಕೆ ಬೆಲೆಯನ್ನೇ ಹಾಕುವುದಿಲ್ಲ. ಸಂಜೆಯ ಹೊತ್ತು ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸ ಪುಕ್ಕಟೆ ಅಲ್ಲ.

ಲೇಪನದ ಒಡವೆಗೆ "ಗೋಲ್ಡ್ ಜಡೆಬಿಲ್ಲೆ" ಅಂತ ಬರೀಬಹುದಾ?

ಬರೆಯಬೇಡಿ. ಚಿನ್ನದ ಲೇಪನ ಅಂತ ಬರೆಯಿರಿ, ಒಳಗಿನ ಲೋಹ ಹಿತ್ತಾಳೆಯೋ ತಾಮ್ರವೋ ಅದನ್ನೂ ಹೇಳಿ. ನಿಜವಾದ ಚಿನ್ನಕ್ಕೆ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ ಅಂಕಿಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇರುತ್ತದೆ.

ಸರ್ಕಾರದಿಂದ ಏನಾದ್ರೂ ಸಹಾಯ ಇದೆಯಾ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಅದರಲ್ಲಿ ಹೂಮಾಲೆ ಕಟ್ಟುವುದು ಒಂದು, ಅಕ್ಕಸಾಲಿ ಕೆಲಸ ಇನ್ನೊಂದು. ಮೊಗ್ಗಿನ ಜಡೆ ಕಟ್ಟುವವರು ಮಾಲೆಯ ಕಸುಬಿನಡಿ ಕೇಳಿ ನೋಡಿ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದಲ್ಲಿ 1 ಲಕ್ಷದವರೆಗೆ 5 ಶೇಕಡ ಬಡ್ಡಿಯ ಸಾಲ ಅದರಲ್ಲಿದೆ. ಅರ್ಜಿ ಹತ್ತಿರದ ಕಾಮನ್ ಸರ್ವಿಸ್ ಸೆಂಟರಿನಲ್ಲಿ ಹಾಕಬಹುದು.

ಅಜ್ಜಿಯ ಹಳೇ ಜಡೆಬಿಲ್ಲೆ ಕಲ್ಲು ಉದುರಿದೆ. ನಾನೇ ಸರಿ ಮಾಡಬಹುದಾ?

ಮೊದಲು ನೀರಿಗೆ ಹಾಕಬೇಡಿ. ಹಳೇ ಕೆಂಪು ಕಲ್ಲುಗಳ ಹಿಂದೆ ಹೊಳಪಿಗಾಗಿ ತೆಳು ತಗಡು ಇಟ್ಟು ಮುಚ್ಚಿರುತ್ತಾರೆ. ನೀರು ಒಳಗೆ ಹೋದರೆ ತಗಡು ಕಪ್ಪಾಗಿ ಕಲ್ಲು ಸತ್ತಂತೆ ಕಾಣುತ್ತದೆ, ಮತ್ತೆ ಸರಿಯಾಗುವುದಿಲ್ಲ. ಒಣ ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಿರಿ ಅಷ್ಟೇ. ಟೂತ್‌ಪೇಸ್ಟ್, ಸೋಡಾ ಬೇಡ. ಬಿದ್ದ ಕಲ್ಲನ್ನು ಹತ್ತಿಯಲ್ಲಿ ಸುತ್ತಿ ಜೊತೆಗೇ ಇಡಿ, ಬೇರೆ ಕಲ್ಲು ಅಂಟಿಸಬೇಡಿ. ಕಲ್ಲು ಕೂರಿಸುವುದು ಅನುಭವ ಇರುವ ಅಕ್ಕಸಾಲಿಗರ ಕೆಲಸ.

ನೀವು ಮಾಡಬಹುದಾದದ್ದು ಹಿಂಬದಿ. ಹಳೇ ಕೊಕ್ಕೆ ಸವೆದಿದ್ದರೆ ಬಿಲ್ಲೆಯ ಉಂಗುರಗಳಿಗೆ ಹೊಸ ರೇಷ್ಮೆ ದಾರ ಹಾಕಿ, ಬಿಲ್ಲೆಯ ಅಳತೆಯ ಹತ್ತಿ ಬಟ್ಟೆಯನ್ನು ಹಿಂದೆ ಕೊಟ್ಟು ಕಟ್ಟಿ. ಆಗ ಲೋಹದ ಅಂಚು ಕೂದಲನ್ನು ಕೊಯ್ಯುವುದಿಲ್ಲ. ಶುರು ಮಾಡುವ ಮೊದಲು ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದಿಡಿ. ತುಂಡುಗಳ ಕ್ರಮ ತಪ್ಪಿದರೆ ನೋಡಿ ಜೋಡಿಸಬಹುದು.